‘ನನಗೆ ಗೊತ್ತಿಲ್ಲ’ ಎಂಬ ಮಾತು ಏನನ್ನು ತಿಳಿಸುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ತರ್ಕದ ಒಗಟುಗಳಲ್ಲಿ ಒಂದು ವಿಶೇಷ ಜಾತಿಯಿದೆ. ಅವುಗಳನ್ನು ಮೊದಲ ಸಲ ಓದಿ ಮುಗಿಸಿದಾಗ ಉತ್ತರಕ್ಕೆ ಬೇಕಾದ ಯಾವುದೋ ಒಂದು ಸಂಗತಿ ಅಚ್ಚಿನಲ್ಲಿ ಬಿಟ್ಟುಹೋಗಿರಬೇಕು ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಒಗಟಿನೊಳಗಿನ ಪಾತ್ರಗಳು ಒಬ್ಬರಿಗೊಬ್ಬರು ಯಾವ ಅಂಕಿಯನ್ನೂ ಹೇಳಿಕೊಳ್ಳುವುದಿಲ್ಲ. ‘ನನಗೆ ಗೊತ್ತಿಲ್ಲ’, ‘ನಿನಗೂ ಗೊತ್ತಿರಲಾರದೆಂದು ನಾನು ಬಲ್ಲೆ’, ‘ಹಾಗಿದ್ದರೆ ನನಗೀಗ ಗೊತ್ತಾಯಿತು’ ಎಂಬಂಥ ಮಾತುಗಳನ್ನಷ್ಟೇ ಆಡುತ್ತಾರೆ. ಆಮೇಲೆ ಓದುಗರಿಗೆ ಉತ್ತರ ಕಂಡುಹಿಡಿಯುವಂತೆ ಹೇಳಲಾಗುತ್ತದೆ. ಇಂದು ನಾನು ವಿವರಿಸಲು ಹೊರಟಿರುವುದು, ಈ ಬರಿಯ ಮಾತುಗಳೊಳಗೆ ಅಷ್ಟೊಂದು ಮಾಹಿತಿ ಹೇಗೆ ಅಡಗಿರುತ್ತದೆ ಮತ್ತು ಅದನ್ನು ಗೊಂದಲವಿಲ್ಲದೆ ಹೊರತೆಗೆಯುವ ಬಗೆ ಯಾವುದು ಎಂಬುದನ್ನು.

ಈ ಜಾತಿಯ ಒಗಟುಗಳ ಪೈಕಿ ಅತಿ ಹೆಚ್ಚು ಜನರ ಕಣ್ಣಿಗೆ ಬಿದ್ದದ್ದು 2015ರ ಏಪ್ರಿಲ್‌ನಲ್ಲಿ ಸಿಂಗಪುರದ ಒಂದು ಗಣಿತ ಒಲಿಂಪಿಯಾಡ್ ಪ್ರಶ್ನೆಪತ್ರಿಕೆಯಿಂದ ಹೊರಬಂದು ಜಗತ್ತನ್ನೆಲ್ಲ ಸುತ್ತಿದ ಚೆರಿಲ್ ಹುಟ್ಟುಹಬ್ಬದ ಸಮಸ್ಯೆ. ಚೆರಿಲ್ ತನ್ನ ಹುಟ್ಟಿದ ದಿನಕ್ಕೆ ಹತ್ತು ಸಾಧ್ಯತೆಗಳನ್ನು ಕೊಡುತ್ತಾಳೆ: ಮೇ 15, 16, 19, ಜೂನ್ 17, 18, ಜುಲೈ 14, 16, ಆಗಸ್ಟ್ 14, 15, 17. ಆಲ್ಬರ್ಟ್‌ಗೆ ತಿಂಗಳನ್ನು ಮಾತ್ರ, ಬರ್ನಾರ್ಡ್‌ಗೆ ತಾರೀಖನ್ನು ಮಾತ್ರ ಗುಟ್ಟಾಗಿ ತಿಳಿಸುತ್ತಾಳೆ. ಆಲ್ಬರ್ಟ್ ಹೇಳುತ್ತಾನೆ: ‘ನನಗೆ ಗೊತ್ತಿಲ್ಲ, ಆದರೆ ಬರ್ನಾರ್ಡ್‌ಗೂ ಗೊತ್ತಿಲ್ಲವೆಂದು ನಾನು ಬಲ್ಲೆ.’ ಬರ್ನಾರ್ಡ್ ಹೇಳುತ್ತಾನೆ: ‘ಮೊದಲು ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.’ ಅದಕ್ಕೆ ಆಲ್ಬರ್ಟ್: ‘ಹಾಗಾದರೆ ನನಗೂ ಗೊತ್ತಾಯಿತು.’

ಸರಿಯಾದ ಉತ್ತರ ಜುಲೈ 16. ಆದರೆ ಆಗ ನಡೆದ ಚರ್ಚೆಯಲ್ಲಿ ಆಗಸ್ಟ್ 17 ಎಂದು ಹಟ ಹಿಡಿದವರೂ ಇದ್ದರು, ಮತ್ತು ಅವರ ತಪ್ಪು ಸರಿಯುತ್ತರಕ್ಕಿಂತ ಹೆಚ್ಚು ಬೋಧಪ್ರದವಾದದ್ದು. ಅವರ ವಾದ ಹೀಗಿತ್ತು. ಬರ್ನಾರ್ಡ್‌ಗೆ ಗೊತ್ತಿಲ್ಲ ಎಂದಮೇಲೆ ಪಟ್ಟಿಯಲ್ಲಿ ಒಂದೇ ಸಲ ಬರುವ 18 ಮತ್ತು 19 ಬಿದ್ದುಹೋದವು. ಆಗ ಜೂನ್‌ನಲ್ಲಿ 17 ಒಂದೇ ಉಳಿಯಿತು. ಆಲ್ಬರ್ಟ್‌ಗೆ ಇನ್ನೂ ಗೊತ್ತಿಲ್ಲವಾದ್ದರಿಂದ ತಿಂಗಳು ಜೂನ್ ಅಲ್ಲ. ಆದ್ದರಿಂದ ಬರ್ನಾರ್ಡ್‌ನ ಕೈಯಲ್ಲಿ 17 ಇದ್ದರೆ ಅವನಿಗೆ ಆಗಸ್ಟ್ ಎಂದು ಹೊಳೆಯುತ್ತದೆ. ಇದರಲ್ಲಿ ಲೆಕ್ಕದ ದೋಷವೇನೂ ಇಲ್ಲ. ದೋಷವಿರುವುದು ಒಂದೇ ಕಡೆ: ಬರ್ನಾರ್ಡ್‌ಗೆ ಗೊತ್ತಿಲ್ಲವೆಂಬುದನ್ನು ಆಲ್ಬರ್ಟ್ ಯಾರಿಂದಲೋ ಕೇಳಿ ತಿಳಿದನೆಂದು ಅವರು ಎಣಿಸಿದರು. ಒಗಟಿನಲ್ಲಿ ಅವನಿಗೆ ಯಾರೂ ಏನೂ ಹೇಳಿಲ್ಲ. ತಿಂಗಳ ಹೆಸರೊಂದನ್ನೇ ನೋಡಿ ಅವನು ಅಷ್ಟು ಖಚಿತವಾಗಿ ಮಾತನಾಡಬೇಕಾದರೆ ಆ ತಿಂಗಳಲ್ಲಿ 18 ಆಗಲಿ 19 ಆಗಲಿ ಇರಲೇಬಾರದು. ಅಂದರೆ ಮೇ ಮತ್ತು ಜೂನ್ ಇಡಿಯಾಗಿ ಹೊರಬೀಳುತ್ತವೆ. ಉಳಿದ ಐದು ದಿನಗಳಲ್ಲಿ ಬರ್ನಾರ್ಡ್‌ಗೆ ಗೊತ್ತಾಗಬೇಕಾದರೆ ಎರಡೂ ತಿಂಗಳಲ್ಲಿರುವ 14 ಆಗಿರಕೂಡದು. ಬಳಿಕ ಆಲ್ಬರ್ಟ್‌ಗೂ ಗೊತ್ತಾಗಬೇಕಾದರೆ ಇನ್ನೂ ಎರಡು ದಿನ ಉಳಿದಿರುವ ಆಗಸ್ಟ್ ಆಗಿರಕೂಡದು. ಒಂದೇ ವಾಕ್ಯ, ಅದು ಕೇಳಿ ತಿಳಿದದ್ದೋ ಊಹಿಸಿ ತಿಳಿದದ್ದೋ ಎಂಬುದರ ಮೇಲೆ, ಬೇರೆ ಬೇರೆ ಸಾಧ್ಯತೆಗಳನ್ನು ಹೊಡೆದುಹಾಕುತ್ತದೆ.

ಇಂಥ ಒಗಟುಗಳನ್ನು ಬಿಡಿಸಲು ಕೂತವರಲ್ಲಿ ಬಹುಪಾಲು ಜನ ದಾರಿ ತಪ್ಪುವುದು ಪಾತ್ರಗಳ ಮನಸ್ಸಿನೊಳಕ್ಕೆ ಇಳಿಯಲು ಹೋಗಿ. ‘ನಾನು ಏನೆಂದುಕೊಂಡಿದ್ದೇನೆಂದು ಅವನು ಭಾವಿಸಿದ್ದಾನೆಂದು ನಾನು ಊಹಿಸಿದರೆ’ ಎಂದು ಶುರುಮಾಡಿದವರು ಮೂರನೆಯ ಮೆಟ್ಟಿಲಿನ ಹೊತ್ತಿಗೆ ಯಾರ ತಲೆಯೊಳಗಿದ್ದೇವೆ ಎಂಬುದನ್ನೇ ಮರೆತಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಷ್ಟು ಕಷ್ಟಪಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಹಾಳೆಯ ಮೇಲೆ ಎಲ್ಲ ಸಾಧ್ಯತೆಗಳನ್ನೂ ಬರೆದುಕೊಳ್ಳಿ. ಒಬ್ಬರು ಎಲ್ಲರೆದುರು ಒಂದು ಮಾತನ್ನಾಡಿದಾಗಲೆಲ್ಲ, ಪಟ್ಟಿಯ ಪ್ರತಿಯೊಂದು ಸಾಧ್ಯತೆಯ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿಜ ಸಂಗತಿ ಇದೇ ಆಗಿದ್ದಿದ್ದರೆ, ಆ ವ್ಯಕ್ತಿ ಈ ಮಾತನ್ನು ಆಡುತ್ತಿದ್ದನೇ? ‘ಇಲ್ಲ’ ಎಂಬ ಉತ್ತರ ಬಂದ ಕಡೆ ಅಡ್ಡಗೆರೆ ಎಳೆಯಿರಿ. ಇಷ್ಟೇ ವಿಧಾನ. ಹೇಳಿದವರ ಮನಸ್ಸಿನಲ್ಲಿ ಏನಿತ್ತು ಎಂಬ ಚಿಂತೆಯ ಜಾಗದಲ್ಲಿ ಯಾವ ಸಾಧ್ಯತೆಯಲ್ಲಿ ಈ ಮಾತು ಹೊರಡುತ್ತಿರಲಿಲ್ಲ ಎಂಬ ಲೆಕ್ಕ ಬಂದು ಕೂರುತ್ತದೆ, ಮತ್ತು ಕಗ್ಗಂಟಿನ ಬಹುಭಾಗ ತಾನಾಗಿ ಸಡಿಲಗೊಳ್ಳುತ್ತದೆ.

ಈ ವಿಧಾನ ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೋರಿಸಲು ಈ ಉಪನ್ಯಾಸಕ್ಕೆಂದೇ ಒಂದು ಒಗಟನ್ನು ಹೊಸೆದಿದ್ದೇನೆ. ದಯವಿಟ್ಟು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಒಂಬತ್ತು ಸಂಖ್ಯೆಗಳಿವೆ: 14, 24, 26, 36, 39, 53, 59, 73, 78. ಇವುಗಳಲ್ಲಿ ಒಂದನ್ನು ಆರಿಸಿ, ಹತ್ತರ ಸ್ಥಾನದ ಅಂಕಿಯನ್ನು ಶಾರದೆಗೆ, ಬಿಡಿ ಸ್ಥಾನದ ಅಂಕಿಯನ್ನು ಮಾಧವನಿಗೆ ಗುಟ್ಟಾಗಿ ಹೇಳಲಾಗಿದೆ. ಪಟ್ಟಿ ಇಬ್ಬರ ಕಣ್ಣೆದುರಿಗೂ ಇದೆ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ತರ್ಕದಲ್ಲಿ ಎಡವದವರು, ಮತ್ತು ಇವೆಲ್ಲ ಪರಸ್ಪರ ತಿಳಿದಿರುವ ವಿಷಯಗಳು. ಶಾರದೆ ಮೊದಲು ಮಾತನಾಡುತ್ತಾಳೆ, ಆಮೇಲೆ ಮಾಧವ, ಹೀಗೆ ಒಬ್ಬರಾದ ಮೇಲೆ ಒಬ್ಬರು ಸಂಖ್ಯೆ ತಮಗೆ ಗೊತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತಾ ಹೋಗುತ್ತಾರೆ. ಆರಿಸಿದ ಸಂಖ್ಯೆ 39 ಎಂದಿಟ್ಟುಕೊಳ್ಳೋಣ.

ಶಾರದೆಯ ಬಳಿ 3 ಇದೆ. ಅವಳ ಪಾಲಿಗೆ 36 ಅಥವಾ 39. ಮಾಧವನ ಬಳಿ 9 ಇದೆ. ಅವನ ಪಾಲಿಗೆ 39 ಅಥವಾ 59. ಶಾರದೆ ‘ಗೊತ್ತಿಲ್ಲ’ ಎನ್ನುತ್ತಾಳೆ. ಸಂಖ್ಯೆ 14 ಆಗಿದ್ದರೆ ಅವಳು ಹಾಗೆ ಹೇಳುತ್ತಿರಲಿಲ್ಲ, ಏಕೆಂದರೆ 1ರಿಂದ ಶುರುವಾಗುವ ಸಂಖ್ಯೆ ಅದೊಂದೇ. ಆದ್ದರಿಂದ 14 ಹೋಯಿತು. ಮಾಧವ ‘ಗೊತ್ತಿಲ್ಲ’ ಎನ್ನುತ್ತಾನೆ. 78 ಆಗಿದ್ದರೆ ಅವನಿಗೆ ಗೊತ್ತಿರುತ್ತಿತ್ತು, 24 ಆಗಿದ್ದರೂ, 14 ಬಿದ್ದುಹೋದ ಮೇಲೆ 4ರಲ್ಲಿ ಮುಗಿಯುವ ಸಂಖ್ಯೆ ಅದೊಂದೇ ಆದ್ದರಿಂದ, ಗೊತ್ತಾಗಿರುತ್ತಿತ್ತು, ಎರಡೂ ಹೋದವು. ಶಾರದೆಯ ಎರಡನೆಯ ‘ಗೊತ್ತಿಲ್ಲ’ ಈಗ ಒಂಟಿಯಾಗಿ ಉಳಿದಿರುವ 26 ಮತ್ತು 73ನ್ನು ತೆಗೆಯುತ್ತದೆ. ಮಾಧವನ ಎರಡನೆಯ ‘ಗೊತ್ತಿಲ್ಲ’ 36 ಮತ್ತು 53ನ್ನು ತೆಗೆಯುತ್ತದೆ. ಪಟ್ಟಿಯಲ್ಲಿ 39 ಮತ್ತು 59 ಮಾತ್ರ ಉಳಿದಿವೆ. ಐದನೆಯ ಮಾತಾಗಿ ಶಾರದೆ ‘ಗೊತ್ತಾಯಿತು’ ಎನ್ನುತ್ತಾಳೆ.

ಒಂಬತ್ತು ಸಂಖ್ಯೆಗಳ ಪೈಕಿ ಏಳನ್ನು ನಾಲ್ಕು ‘ಗೊತ್ತಿಲ್ಲ’ಗಳು ಅಳಿಸಿಹಾಕಿದವು. ಈಗ ಮಾಧವನ ಸರದಿ. ಅವನಿಗೂ ಗೊತ್ತಾಗಬೇಕಲ್ಲವೇ? ಇಲ್ಲ. ಸಂಖ್ಯೆ 39 ಆಗಿದ್ದರೂ ಶಾರದೆ ಈ ಹಂತದಲ್ಲಿ ‘ಗೊತ್ತಾಯಿತು’ ಎನ್ನುತ್ತಿದ್ದಳು, 59 ಆಗಿದ್ದರೂ ‘ಗೊತ್ತಾಯಿತು’ ಎಂದೇ ಅನ್ನುತ್ತಿದ್ದಳು. ಅವಳ ಮಾತು ಪಟ್ಟಿಯಲ್ಲಿ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಮಾಧವ ಮೊದಲ ಕ್ಷಣದಲ್ಲಿ ಯಾವ ಎರಡು ಸಂಖ್ಯೆಗಳ ನಡುವೆ ಸಿಕ್ಕಿಕೊಂಡಿದ್ದನೋ ಇನ್ನು ಎಷ್ಟು ಹೊತ್ತು ಸಂಭಾಷಣೆ ನಡೆದರೂ ಅವೆರಡರ ನಡುವೆಯೇ ಉಳಿಯುತ್ತಾನೆ. ತಿಳಿಯದೆಂಬ ಮಾತುಗಳು ಇಷ್ಟು ಕೆಲಸ ಮಾಡಿದ ಕಡೆ, ತಿಳಿಯಿತೆಂಬ ಮಾತು ಕೇಳಿದವನಿಗೆ ಏನನ್ನೂ ಕೊಡಲಿಲ್ಲ. ಮಾತಿನ ತೂಕ ಅದರ ಅರ್ಥದಲ್ಲಿಲ್ಲ; ಅದು ಯಾವ ಸಾಧ್ಯತೆಗಳಲ್ಲಿ ಹೊರಡದೆ ಉಳಿಯುತ್ತಿತ್ತು ಎಂಬುದರಲ್ಲಿದೆ.

ಒಗಟನ್ನು ಇಲ್ಲಿಗೇ ಬಿಟ್ಟರೆ ಅದರ ಸ್ವಾರಸ್ಯದ ಅರ್ಧಪಾಲು ಕೈತಪ್ಪುತ್ತದೆ. ಅದೇ 39ನ್ನು ಇಟ್ಟುಕೊಂಡು ಮಾಧವನೇ ಮೊದಲು ಮಾತನಾಡಲಿ. ಅವನ ಮೊದಲ ‘ಗೊತ್ತಿಲ್ಲ’ 78ನ್ನು, ಶಾರದೆಯದು 14 ಮತ್ತು 73ನ್ನು, ಅವನ ಎರಡನೆಯದು 24 ಮತ್ತು 53ನ್ನು, ಅವಳ ಎರಡನೆಯದು 26 ಮತ್ತು 59ನ್ನು ತೆಗೆಯುತ್ತವೆ. ಉಳಿಯುವುದು 36 ಮತ್ತು 39. ಮಾಧವನಿಗೆ ತಿಳಿಯುತ್ತದೆ, ಶಾರದೆ ಎಂದೆಂದಿಗೂ 36 ಮತ್ತು 39ರ ನಡುವೆ ತೂಗಾಡುತ್ತಾಳೆ. ಅದೇ ಸಂಖ್ಯೆ, ಅದೇ ಪಟ್ಟಿ, ಅದೇ ಇಬ್ಬರು. ಯಾರು ಮೊದಲು ತಮ್ಮ ಅಜ್ಞಾನವನ್ನು ಒಪ್ಪಿಕೊಂಡರೋ ಅವರಿಗೆ ಉತ್ತರ ದಕ್ಕುತ್ತದೆ, ಇನ್ನೊಬ್ಬರಿಗೆ ಇಲ್ಲ.

ಮೂರನೆಯ ಸಾಧ್ಯತೆಯೂ ಇದೆ. ಇಬ್ಬರೂ ಚೀಟಿಯಲ್ಲಿ ಬರೆದು ಏಕಕಾಲಕ್ಕೆ ತೋರಿಸಲಿ. ಮೊದಲ ಸುತ್ತಿನಲ್ಲಿ 14 ಮತ್ತು 78, ಎರಡನೆಯದರಲ್ಲಿ 24 ಮತ್ತು 73, ಮೂರನೆಯದರಲ್ಲಿ 26 ಮತ್ತು 53, ನಾಲ್ಕನೆಯದರಲ್ಲಿ 36 ಮತ್ತು 59 ಬೀಳುತ್ತವೆ. ಐದನೆಯ ಸುತ್ತಿನಲ್ಲಿ ಇಬ್ಬರೂ ‘ಗೊತ್ತಾಯಿತು’ ಎಂದು ಬರೆದ ಚೀಟಿಯನ್ನು ಒಟ್ಟಿಗೇ ಎತ್ತಿ ಹಿಡಿಯುತ್ತಾರೆ. ಸರದಿಯಂತೆ ಮಾತನಾಡಿದಾಗ ಒಬ್ಬರಿಗೆ ಎಂದೂ ದೊರಕದ ಉತ್ತರ ಜೊತೆಯಾಗಿ ಮಾತನಾಡಿದಾಗ ಇಬ್ಬರಿಗೂ ದೊರಕಿತು. ಕಾರಣವನ್ನು ಕಾಣಬೇಕಾದರೆ ಸಂಖ್ಯೆಗಳನ್ನು 14, 24, 26, 36, 39, 59, 53, 73, 78 ಎಂಬ ಕ್ರಮದಲ್ಲಿ ಒಂದು ಸಾಲಾಗಿ ಜೋಡಿಸಿ. ಪಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಅಂಕಿ ಸಮಾನವಾಗಿದೆ. ಅಂದರೆ ಇಬ್ಬರಲ್ಲಿ ಒಬ್ಬರಿಗೆ ಆ ಎರಡರ ನಡುವೆ ಗೊಂದಲವಿದೆ. ಪ್ರತಿಯೊಂದು ‘ಗೊತ್ತಿಲ್ಲ’ ಈ ಸಾಲನ್ನು ತುದಿಗಳಿಂದ ಸವೆಸುತ್ತದೆ. ಏಕಕಾಲದಲ್ಲಿ ಮಾತನಾಡಿದರೆ ಎರಡೂ ತುದಿಗಳು ಒಂದೇ ವೇಗದಲ್ಲಿ ಸವೆದು ನಟ್ಟನಡುವಿನ 39 ಒಂದೇ ನಿಲ್ಲುತ್ತದೆ. ಸರದಿಯಂತೆ ಮಾತನಾಡಿದರೆ ಮೊದಲ ಮಾತು ಒಂದೇ ತುದಿಯನ್ನು ಸವೆಸುವುದರಿಂದ ಸಮತೋಲ ತಪ್ಪಿ ಕೊನೆಗೆ ಒಂದು ಜೋಡಿ ಉಳಿಯುತ್ತದೆ.

ಇಷ್ಟು ಹೊತ್ತು ನೋಡಿದ ಒಗಟಿನಲ್ಲಿ ಸಾಲಿಗೆ ತುದಿಗಳಿದ್ದವು, ಸವೆತ ಅಲ್ಲಿಂದ ಆರಂಭವಾಯಿತು. ತುದಿಯೇ ಇಲ್ಲದಿದ್ದರೆ ಏನಾಗುತ್ತದೆ? ಈ ಪ್ರಶ್ನೆಯೇ ಹಣೆಯ ಮೇಲಿನ ಮಸಿಯ ಒಗಟಿನ ತಿರುಳು. ಇದರ ಒಂದು ರೂಪವನ್ನು ಬ್ರಿಟಿಷ್ ಗಣಿತಜ್ಞ ಜೆ. ಇ. ಲಿಟಲ್‌ವುಡ್ 1953ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ರೈಲಿನ ಬೋಗಿಯಲ್ಲಿ ಕುಳಿತ ಮೂವರು ಹೆಂಗಸರು ಒಬ್ಬರ ಮುಖದ ಕೊಳೆ ನೋಡಿ ಇನ್ನೊಬ್ಬರು ನಗುತ್ತಿರುತ್ತಾರೆ. 1958ರಲ್ಲಿ ಜಾರ್ಜ್ ಗ್ಯಾಮೊ ಮತ್ತು ಮಾರ್ವಿನ್ ಸ್ಟರ್ನ್ ಅದಕ್ಕೆ ಇನ್ನೊಂದು ವೇಷ ತೊಡಿಸಿದರು. ನಾನು ಮಕ್ಕಳ ರೂಪವನ್ನೇ ತೆಗೆದುಕೊಳ್ಳುತ್ತೇನೆ.

ಗೌರಿ, ಸೋಮ, ರಂಗ ಎಂಬ ಮೂವರು ಮಕ್ಕಳು ಎದುರುಬದುರಾಗಿ ಕುಳಿತಿದ್ದಾರೆ. ಮೂವರ ಹಣೆಗೂ ಮಸಿ ಹತ್ತಿದೆ. ಪ್ರತಿಯೊಬ್ಬರಿಗೂ ಉಳಿದಿಬ್ಬರ ಹಣೆ ಕಾಣುತ್ತದೆ, ತಮ್ಮದು ಕಾಣುವುದಿಲ್ಲ. ಹಿರಿಯರೊಬ್ಬರು ಬಂದು, ‘ನಿಮ್ಮಲ್ಲಿ ಕನಿಷ್ಠ ಒಬ್ಬರ ಹಣೆಯ ಮೇಲಾದರೂ ಮಸಿಯಿದೆ’ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ‘ತಮ್ಮ ಹಣೆಯ ಮೇಲೆ ಮಸಿಯಿದೆಯೋ ಇಲ್ಲವೋ ಎಂದು ಖಚಿತವಾಗಿ ಬಲ್ಲವರು ಕೈ ಎತ್ತಿ’ ಎನ್ನುತ್ತಾರೆ. ಯಾರೂ ಎತ್ತುವುದಿಲ್ಲ. ಮತ್ತೊಮ್ಮೆ ಕೇಳುತ್ತಾರೆ. ಯಾರೂ ಎತ್ತುವುದಿಲ್ಲ. ಮೂರನೆಯ ಸಲ ಕೇಳಿದಾಗ ಮೂವರೂ ಒಟ್ಟಿಗೆ ಕೈ ಎತ್ತುತ್ತಾರೆ.

ನಮ್ಮ ಪಟ್ಟಿಯ ವಿಧಾನಕ್ಕೆ ಇದು ಸುಲಭದ ತುತ್ತು. ಮೂವರಲ್ಲಿ ಪ್ರತಿಯೊಬ್ಬರ ಹಣೆಯೂ ಸ್ವಚ್ಛವಾಗಿರಬಹುದು ಅಥವಾ ಮಸಿಯಾಗಿರಬಹುದು, ಒಟ್ಟು ಎಂಟು ಸಾಧ್ಯತೆಗಳು. ಹಿರಿಯರ ಮಾತು ಯಾರಿಗೂ ಮಸಿಯಿಲ್ಲದ ಸಾಧ್ಯತೆಯನ್ನು ತೆಗೆಯುತ್ತದೆ. ಒಬ್ಬರಿಗೇ ಮಸಿಯಿದ್ದಿದ್ದರೆ ಆ ಮಗು ಎದುರಿಗೆ ಎರಡು ಸ್ವಚ್ಛ ಹಣೆಗಳನ್ನು ಕಂಡು ಮೊದಲ ಸಲವೇ ಕೈ ಎತ್ತುತ್ತಿತ್ತು. ಎತ್ತಲಿಲ್ಲವಾದ್ದರಿಂದ ಅಂಥ ಮೂರು ಸಾಧ್ಯತೆಗಳು ಹೋದವು. ಇಬ್ಬರಿಗೇ ಇದ್ದಿದ್ದರೆ ಅವರಿಬ್ಬರೂ ಎರಡನೆಯ ಸಲ ಎತ್ತುತ್ತಿದ್ದರು. ಆ ಮೂರೂ ಹೋದವು. ಉಳಿದದ್ದು ಒಂದೇ. ಮಕ್ಕಳು ಎಷ್ಟೇ ಮಂದಿಯಿರಲಿ, ಎಷ್ಟು ಜನರಿಗೆ ಮಸಿಯಿದೆಯೋ ಅಷ್ಟನೆಯ ಪ್ರಶ್ನೆಗೆ ಆ ಅಷ್ಟೂ ಜನ ಕೈ ಎತ್ತುತ್ತಾರೆ.

ಕಷ್ಟ ಇರುವುದು ಇದರಲ್ಲಲ್ಲ. ಹಿರಿಯರು ಬರುವ ಮೊದಲೇ ಮೂವರಿಗೂ ಎರಡೆರಡು ಮಸಿಯ ಹಣೆಗಳು ಕಣ್ಣೆದುರಿಗೇ ಕಾಣುತ್ತಿದ್ದವು. ಕನಿಷ್ಠ ಒಬ್ಬರಿಗೆ ಮಸಿಯಿದೆಯೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದದ್ದನ್ನೇ ಹೇಳಿದ ಹಿರಿಯರು ಕೊಟ್ಟದ್ದೇನು? ಅವರು ಆ ಮಾತನ್ನು ಆಡದೆ ಬರಿಯ ಪ್ರಶ್ನೆಯನ್ನು ನೂರು ಸಲ ಕೇಳಿದ್ದರೂ ಯಾರೂ ಕೈ ಎತ್ತುತ್ತಿರಲಿಲ್ಲ. ಎಂಟು ಸಾಧ್ಯತೆಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ ಅದರಲ್ಲಿ ಪ್ರತಿಯೊಂದು ಮಗುವಿಗೂ ತನ್ನ ಹಣೆಯ ಬಗ್ಗೆ ಅನುಮಾನ ಇದ್ದೇ ಇರುತ್ತದೆ. ಯಾವ ಸಾಧ್ಯತೆಯಲ್ಲೂ ಯಾರೂ ಕೈ ಎತ್ತುವಂತಿಲ್ಲವಾದ್ದರಿಂದ, ಕೈ ಎತ್ತದಿರುವುದರಿಂದ ಯಾವ ಗೆರೆಯೂ ಬೀಳುವುದಿಲ್ಲ. ಸಾಲಿಗೆ ತುದಿಯಿಲ್ಲ. ಹಿರಿಯರ ಮಾತು ಆ ತುದಿಯನ್ನು ಕೊಯ್ದು ಕೊಟ್ಟಿತು.

ಹಾಗಿದ್ದರೆ ಆ ಮಾತಿಗಿಂತ ಮೊದಲು ಮಕ್ಕಳಿಗೆ ಗೊತ್ತಿಲ್ಲದೆ ಇದ್ದದ್ದು ಯಾವುದು ಎಂದು ನೀವು ಪಟ್ಟು ಹಿಡಿಯಬಹುದು. ಒಮ್ಮೆ ಮಾತ್ರ ಮನಸ್ಸುಗಳೊಳಗೆ ಇಳಿಯೋಣ. ಗೌರಿ ತನ್ನ ಹಣೆ ಸ್ವಚ್ಛವಾಗಿರಬಹುದೆಂದು ಎಣಿಸಬಲ್ಲಳು. ಆ ಎಣಿಕೆಯೊಳಗಿನ ಸೋಮನಿಗೆ ರಂಗನ ಮಸಿಯೊಂದೇ ಕಾಣುತ್ತದೆ. ಅವನೂ ತನ್ನ ಹಣೆ ಸ್ವಚ್ಛವೆಂದು ಎಣಿಸಬಲ್ಲನು. ಗೌರಿಯ ಎಣಿಕೆಯ ಸೋಮನ ಎಣಿಕೆಯೊಳಗಿನ ರಂಗನಿಗೆ ಕಾಣುವುದು ಎರಡು ಸ್ವಚ್ಛ ಹಣೆಗಳು. ಆ ರಂಗನಿಗೆ ಯಾರಿಗಾದರೂ ಮಸಿಯಿದೆಯೆಂಬುದು ಗೊತ್ತಿಲ್ಲ. ಅಂದರೆ, ಎಲ್ಲರಿಗೂ ವಿಷಯ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆಯೆಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಅದರ ಮುಂದಿನ ಮೆಟ್ಟಿಲು ಇರಲಿಲ್ಲ. ಎಲ್ಲರೆದುರು ಆಡಿದ ಮಾತು ಈ ಮೆಟ್ಟಿಲುಗಳನ್ನೆಲ್ಲ ಒಂದೇ ಏಟಿಗೆ ಕಟ್ಟಿಬಿಡುತ್ತದೆ. ಅದಕ್ಕೆ ಸಾಮೂಹಿಕ ಅರಿವು ಎಂದು ಕರೆಯೋಣ. ಅದೇ ಹಿರಿಯರು ಅದೇ ವಾಕ್ಯವನ್ನು ಮೂರು ಮಕ್ಕಳ ಕಿವಿಯಲ್ಲಿ ಬೇರೆ ಬೇರೆಯಾಗಿ ಪಿಸುಗುಟ್ಟಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಮಕ್ಕಳು ಹಿರಿಯರ ಪ್ರಶ್ನೆಗೆ ಇಂದಿಗೂ ಕೈ ಕಟ್ಟಿಕೊಂಡೇ ಕುಳಿತಿರುತ್ತಿದ್ದರು.

ಈ ವಿಚಾರಗಳಿಗೆ ಶಾಸ್ತ್ರದ ರೂಪ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಫಿನ್ಲೆಂಡಿನ ತತ್ವಜ್ಞಾನಿ ಯಾಕೊ ಹಿಂಟಿಕ್ಕ 1962ರಲ್ಲಿ ಅರಿವಿನ ತರ್ಕಕ್ಕೆ ಒಂದು ಚೌಕಟ್ಟು ಹಾಕಿಕೊಟ್ಟರು: ಒಬ್ಬನಿಗೆ ಒಂದು ಸಂಗತಿ ಗೊತ್ತಿದೆ ಎಂದರೆ, ಅವನು ತಳ್ಳಿಹಾಕಲಾಗದ ಎಲ್ಲ ಸಾಧ್ಯತೆಗಳಲ್ಲೂ ಆ ಸಂಗತಿ ನಿಜವಾಗಿದೆ ಎಂದು ಅರ್ಥ. ನಾವು ಪೆನ್ಸಿಲ್ ಹಿಡಿದು ಮಾಡಿದ್ದು ಇದರ ಅನ್ವಯವೇ. ಸಾಮೂಹಿಕ ಅರಿವನ್ನು 1969ರಲ್ಲಿ ಅಮೆರಿಕದ ಡೇವಿಡ್ ಲೂಯಿಸ್ ಸಾಮಾಜಿಕ ರೂಢಿಗಳನ್ನು ವಿವರಿಸುವಾಗ ಬಳಸಿದರು. 1976ರಲ್ಲಿ ರಾಬರ್ಟ್ ಔಮನ್ ಅದಕ್ಕೆ ಗಣಿತದ ನಿಖರತೆ ಕೊಟ್ಟು, ಒಂದೇ ಪೂರ್ವಕಲ್ಪನೆಯಿಂದ ಹೊರಟ ಇಬ್ಬರು ಒಂದು ಘಟನೆಯ ಸಂಭವನೀಯತೆಯ ಬಗ್ಗೆ ತಮ್ಮ ತಮ್ಮ ಅಂದಾಜುಗಳನ್ನು ಸಾಮೂಹಿಕ ಅರಿವಾಗಿ ಹೊಂದಿದ್ದರೆ ಆ ಅಂದಾಜುಗಳು ಬೇರೆಯಾಗಿರಲು ಸಾಧ್ಯವಿಲ್ಲವೆಂದು ತೋರಿಸಿದರು. ಅವರಿಗೆ 2005ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಥಾಮಸ್ ಶೆಲ್ಲಿಂಗ್ ಅವರ ಜೊತೆ ದೊರೆಯಿತು. ಶಾರದೆಗೆ ತಿಳಿದು ಮಾಧವನಿಗೆ ತಿಳಿಯದೆ ಉಳಿದದ್ದು ಇದಕ್ಕೆ ವಿರುದ್ಧವಲ್ಲವೇ ಎಂದು ಯಾರಾದರೂ ಕೇಳಿದರೆ, ಅಲ್ಲ. ಶಾರದೆ ತನಗೆ ಗೊತ್ತಾಯಿತೆಂದು ಮಾತ್ರ ಹೇಳಿದಳು. ‘ಸಂಖ್ಯೆ 39 ಆಗಿರುವ ಸಂಭವ ಎಷ್ಟು’ ಎಂಬುದಕ್ಕೆ ಅಂದಾಜು ಹೇಳಿದ್ದಿದ್ದರೆ ಮಾಧವನಿಗೂ ಆ ಕ್ಷಣವೇ ಗೊತ್ತಾಗುತ್ತಿತ್ತು.

ಇದೇ ವರ್ಷಗಳಲ್ಲಿ, 1969ರಲ್ಲಿ, ಡಚ್ ಗಣಿತಜ್ಞ ಹಾನ್ಸ್ ಫ್ರಾಯ್ಡೆಂತಾಲ್ ಪ್ರಕಟಿಸಿದ ಮೊತ್ತ ಮತ್ತು ಗುಣಲಬ್ಧದ ಒಗಟು ಈ ಕುಲದ ಹಿರಿಯಣ್ಣ. ಒಂದಕ್ಕಿಂತ ದೊಡ್ಡದಾದ, ಮೊತ್ತ 100ನ್ನು ಮೀರದ ಎರಡು ಬೇರೆ ಬೇರೆ ಪೂರ್ಣಾಂಕಗಳು. ಒಬ್ಬನಿಗೆ ಗುಣಲಬ್ಧ ಗೊತ್ತು, ಇನ್ನೊಬ್ಬನಿಗೆ ಮೊತ್ತ. ‘ನನಗೆ ಗೊತ್ತಿಲ್ಲ’ ಎನ್ನುತ್ತಾನೆ ಗುಣಲಬ್ಧದವನು. ‘ಅದು ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾನೆ ಮೊತ್ತದವನು. ‘ಈಗ ಗೊತ್ತಾಯಿತು’, ‘ನನಗೂ ಗೊತ್ತಾಯಿತು’ ಎಂದು ಸಂಭಾಷಣೆ ಮುಗಿಯುತ್ತದೆ. ಉತ್ತರ 4 ಮತ್ತು 13. ಪೂರ್ತಿ ಪಟ್ಟಿಯನ್ನು ಇಲ್ಲಿ ಬಿಚ್ಚುವುದು ಸಾಧ್ಯವಿಲ್ಲ, ಒಂದು ಕೊಂಡಿಯನ್ನು ಮಾತ್ರ ತೋರಿಸುತ್ತೇನೆ. ಗುಣಲಬ್ಧ 52 ಎಂದರೆ 2 ಮತ್ತು 26 ಇರಬಹುದು, ಅಥವಾ 4 ಮತ್ತು 13. ಮೊದಲನೆಯದಾದರೆ ಮೊತ್ತ 28. ಅದನ್ನು 5 ಮತ್ತು 23 ಎಂದೂ ಒಡೆಯಬಹುದು, ಎರಡೂ ಅವಿಭಾಜ್ಯಗಳು, ಅವುಗಳ ಗುಣಲಬ್ಧ ಕಂಡವನಿಗೆ ಉತ್ತರ ನೇರವಾಗಿ ಸಿಕ್ಕಿಬಿಡುತ್ತದೆ. ಹಾಗಾಗಿ ಕೈಯಲ್ಲಿ 28 ಹಿಡಿದವನು ‘ಮೊದಲೇ ಗೊತ್ತಿತ್ತು’ ಎಂದು ಹೇಳುವಂತಿಲ್ಲ. 17 ಹಿಡಿದವನು ಹೇಳಬಹುದು: ಅದನ್ನು ಏಳು ಬಗೆಯಲ್ಲಿ ಒಡೆದರೂ ಎಲ್ಲಿಯೂ ಗುಣಲಬ್ಧ ತಾನಾಗಿ ಗುಟ್ಟು ಬಿಡುವುದಿಲ್ಲ.

ಒಗಟಿನ ಲೋಕದಲ್ಲಿ ಎಲ್ಲರೆದುರು ಆಡಿದ ಮಾತು ಎಲ್ಲರನ್ನೂ ತಲಪುತ್ತದೆ. ಸಂದೇಶ ದಾರಿಯಲ್ಲಿ ಕಳೆದುಹೋಗಬಹುದಾದ ಕಡೆ ಏನಾಗುತ್ತದೆ ಎಂಬುದು ಗಣಕ ವಿಜ್ಞಾನಿಗಳಿಗೆ ಬಹಳ ಬೇಗ ಎದುರಾದ ಪ್ರಶ್ನೆ. ಎರಡು ಬೆಟ್ಟಗಳ ಮೇಲೆ ಬೀಡುಬಿಟ್ಟ ಇಬ್ಬರು ಸೇನಾಪತಿಗಳು ಒಂದೇ ಹೊತ್ತಿಗೆ ದಾಳಿ ಮಾಡಿದರೆ ಮಾತ್ರ ಗೆಲ್ಲುತ್ತಾರೆ. ನಡುವಿನ ಕಣಿವೆಯಲ್ಲಿ ದೂತ ಸೆರೆಸಿಕ್ಕಬಹುದು. ‘ಬೆಳಗ್ಗೆ ದಾಳಿ’ ಎಂಬ ಸಂದೇಶ ತಲಪಿತೆಂದು ಮೊದಲನೆಯವನಿಗೆ ತಿಳಿಯಬೇಕು. ಆ ತಿಳಿವಳಿಕೆ ತಲಪಿತೆಂದು ಎರಡನೆಯವನಿಗೆ ತಿಳಿಯಬೇಕು. ಹೀಗೆ ದೂತ ಎಷ್ಟು ಸಲ ಓಡಾಡಿದರೂ ಕೊನೆಯ ಸಂದೇಶದ ಬಗ್ಗೆ ಒಬ್ಬನಿಗೆ ಅನುಮಾನ ಉಳಿದೇ ಉಳಿಯುತ್ತದೆ. ಜಿಮ್ ಗ್ರೇ 1978ರಲ್ಲಿ ದತ್ತಸಂಚಯಗಳ ಬಗೆಗಿನ ಬರಹದಲ್ಲಿ ಇದನ್ನು ಚರ್ಚಿಸಿದರು. ಜೋಸೆಫ್ ಹಾಲ್ಪರ್ನ್ ಮತ್ತು ಯೋರಾಮ್ ಮೋಸೆಸ್ 1990ರ ಪ್ರಬಂಧದಲ್ಲಿ, ಸಂದೇಶ ತಲಪುವ ಖಾತ್ರಿಯಿಲ್ಲದ ಜಾಲದಲ್ಲಿ ಸಂದೇಶಗಳ ವಿನಿಮಯದಿಂದ ಹೊಸ ಸಾಮೂಹಿಕ ಅರಿವನ್ನು ಪಡೆಯಲಾಗದು ಎಂಬುದನ್ನು ಸಾಧಿಸಿ ತೋರಿಸಿದರು. ಮಸಿಯ ಒಗಟಿನ ಹಿರಿಯರು ಒಂದು ವಾಕ್ಯದಿಂದ ಕಟ್ಟಿದ ಮೆಟ್ಟಿಲುಗಳನ್ನು ಇಲ್ಲಿ ಸಾವಿರ ದೂತರೂ ಕಟ್ಟಲಾರರು.

ಸಾರ್ವಜನಿಕವಾಗಿ ಆಡಿದ ನಿಜವಾದ ಮಾತು ಆಡಿದ ಮೇಲೂ ನಿಜವಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಒಗಟು ಬಿಡಿಸುವವರನ್ನು ಕೆಲವೊಮ್ಮೆ ಕೆಡಿಸುತ್ತದೆ. ‘ಹೊರಗೆ ಮಳೆ ಬರುತ್ತಿದೆ, ಆದರೆ ನಿನಗದು ಗೊತ್ತಿಲ್ಲ’ ಎಂಬ ವಾಕ್ಯವನ್ನು ನೋಡಿ. ಹೇಳುವ ಮುನ್ನ ಅದು ನಿಜ. ಹೇಳಿದ ಕೂಡಲೇ ಸುಳ್ಳು, ಏಕೆಂದರೆ ಕೇಳಿದವನಿಗೆ ಈಗ ಮಳೆಯ ವಿಷಯ ಗೊತ್ತು. ಮಕ್ಕಳು ಎರಡನೆಯ ಸಲ ಕೈ ಎತ್ತದೆ ಸಾರಿದ ‘ನಮಗೆ ಗೊತ್ತಿಲ್ಲ’ ಎಂಬುದೂ ಇದೇ ಬಗೆಯದು. ಆದ್ದರಿಂದ ಪಟ್ಟಿಯಲ್ಲಿ ಗೆರೆ ಎಳೆಯುವಾಗ ಪ್ರತಿ ಮಾತನ್ನೂ ಅದು ಹೊರಟ ಕ್ಷಣದ ಪಟ್ಟಿಗೆ ಹಿಡಿದು ನೋಡಬೇಕೇ ಹೊರತು ಮುಂದಿನ ಪಟ್ಟಿಗಲ್ಲ. ಚೀಟಿಗಳನ್ನು ಒಟ್ಟಿಗೆ ತೋರಿಸುವ ಆಟದಲ್ಲಿ ಎಡವುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಬ್ಬರ ಉತ್ತರದಿಂದ ಗೆರೆ ಎಳೆದು, ಆ ಹೊಸ ಪಟ್ಟಿಯಿಂದ ಅದೇ ಸುತ್ತಿನ ಇನ್ನೊಬ್ಬರ ಉತ್ತರವನ್ನು ಅಳೆದುಬಿಡುತ್ತಾರೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಪಾತ್ರಗಳು ಎಂದೂ ತಪ್ಪದ ತರ್ಕಪಟುಗಳೆಂಬ ಷರತ್ತನ್ನು ಸಡಿಲಿಸಿದರೆ ಏನಾಗುತ್ತದೆ ಎಂಬುದು ಆ ಪ್ರಶ್ನೆ. ಶಾರದೆ ಮೊದಲು ಮಾತನಾಡುವ ಆಟಕ್ಕೇ ಹೋಗೋಣ, ಆದರೆ ಈ ಸಲ ಸಂಖ್ಯೆ 26 ಆಗಿರಲಿ. ಮೊದಲ ಎರಡು ‘ಗೊತ್ತಿಲ್ಲ’ಗಳಿಂದ 14, 24, 78 ಹೋಗಿವೆ, ಶಾರದೆಯ ಬಳಿ 2 ಇರುವುದರಿಂದ ಮೂರನೆಯ ಮಾತಾಗಿ ಅವಳು ‘ಗೊತ್ತಾಯಿತು’ ಎನ್ನಬೇಕು. ಅವಳು ಒಂದು ಕ್ಷಣ ಮೈಮರೆತು ‘ಗೊತ್ತಿಲ್ಲ’ ಎಂದುಬಿಟ್ಟಳೆನ್ನಿ. ಮಾಧವನ ಬಳಿ 6 ಇದೆ. ಅವನು ನಿಯಮದಂತೆ 26ನ್ನು ಹೊಡೆದುಹಾಕಿ, 36 ಎಂದು ನಿರ್ಧರಿಸಿ, ಪೂರ್ಣ ವಿಶ್ವಾಸದಿಂದ ‘ಗೊತ್ತಾಯಿತು’ ಎನ್ನುತ್ತಾನೆ. ಅವನ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ, ಉತ್ತರ ಮಾತ್ರ ಸುಳ್ಳು. ಅವನ ಪಟ್ಟಿಯಲ್ಲಿ ಎಲ್ಲವೂ ಹೊಂದಿಕೊಂಡಿರುವುದರಿಂದ ಏನೋ ಕೆಟ್ಟಿದೆಯೆಂಬ ಸುಳಿವೂ ಅವನಿಗೆ ಸಿಗುವುದಿಲ್ಲ. ಶಾರದೆಗೆ ಸಿಗುತ್ತದೆ: ಈ ಹಂತದಲ್ಲಿ ಮಾಧವ ‘ಗೊತ್ತಾಯಿತು’ ಎನ್ನಬಹುದಾದದ್ದು ಸಂಖ್ಯೆ 36 ಅಥವಾ 53 ಆಗಿದ್ದರೆ ಮಾತ್ರ, ಮತ್ತು ಅವಳ ಕೈಯಲ್ಲಿರುವುದು 2. ಈಗ ಅವಳು ಹಿಂದಕ್ಕೆ ಹೋಗಿ ತನ್ನ ಮಾತನ್ನೇ ಪರೀಕ್ಷಿಸಬಹುದು, ಅಥವಾ ತನ್ನ ಮೇಲೆ ಭರವಸೆಯಿದ್ದರೆ ಮಾಧವನೇ ಎಡವಿದನೆಂದು ತೀರ್ಮಾನಿಸಬಹುದು. ಪಟ್ಟಿ ಅವಳಿಗೆ ಅಷ್ಟರಮಟ್ಟಿಗೆ ಮಾತ್ರ ಸಹಾಯ ಮಾಡಬಲ್ಲದು.